ಕೌದಿಯ ಕೊನೆಯ ಮೂಲೆ

ನಮ್ಮತ್ತೆ ಸರ್ವರಿ ಬೇಗಂ ಕೌದಿ ಹೊಲಿಯುವುದನ್ನು ಮಾನ್ವಿಯಲ್ಲಿ ಯಾರು ಬೇಕಾದರೂ ಕೂತು ನೋಡಬಹುದು. ಹಳೆಯ ಸೀರೆ ಹಾಸುತ್ತಾರೆ, ಮೇಲೆ ತುಂಡು ಬಟ್ಟೆ ಜೋಡಿಸುತ್ತಾರೆ, ಅಂಚಿನಿಂದ ನಡುವಿನವರೆಗೆ ದಾರ ಓಡಿಸುತ್ತಾರೆ. ಆದರೆ ಒಂದು ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಬಾಯಿ ಉಳಿದಾಗ ಎದ್ದು, ಕೌದಿ ಹೊತ್ತು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಹೊರಬಂದಾಗ ಮೂಲೆ ಮುಚ್ಚಿರುತ್ತದೆ. ಒಳಗೇನಿಟ್ಟಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಅದು ತಾಯಿಂದ ಮಗಳಿಗೆ ಹೋಗೂದು." ಅವರಿಗೆ ಮಗಳಿಲ್ಲ. ಇರುವವಳು ಸೊಸೆ, ಜಬೀನ್, ಅಂದರೆ ನಾನು.

ಹದಿನಾಲ್ಕು ವರ್ಷ ಅವರ ಪಕ್ಕದಲ್ಲಿ ಕೂತು ಹೊಲಿದಿದ್ದೇನೆ. ಅವರ ಹೊಲಿಗೆ ಯಾವುದು, ನನ್ನದು ಯಾವುದು ಎಂದು ಹೇಳಬಲ್ಲವರು ಊರಲ್ಲಿ ಯಾರೂ ಇಲ್ಲ. ಆದರೂ ಆ ಚಿಲಕದ ಸದ್ದು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಈ ವರ್ಷ ಅತ್ತೆಯ ಕಣ್ಣು ಮಂಜಾಯಿತು. ಒಳಗಿನ ನರವೇ ಸೊರಗಿದೆ, ಆಪರೇಷನ್ ಮಾಡಿದರೂ ಆಗದು ಎಂದರು ರಾಯಚೂರಿನ ಡಾಕ್ಟರು. ದೇವದುರ್ಗದ ಶರಣಮ್ಮ ತನ್ನ ಮಗಳು ಶಿವಗಂಗಾಳ ಬಾಣಂತನಕ್ಕೆ ಕೌದಿ ಹೇಳಿಹೋಗಿದ್ದಳು. ಅದೇ ಕೊನೆಯದು ಎಂದು ಅತ್ತೆ ರಾಯಚೂರಿಂದ ಮರಳುವ ಬಸ್ಸಿನಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದರು. ಅವರ ಅಜ್ಜಿ ಬಾಗಲವಾಡದಲ್ಲಿ ಹೊಲಿಯುತ್ತಿದ್ದ ಕಾಲದಿಂದ ಬಂದ ಮೂಲೆ ಇವರೊಂದಿಗೇ ಹೋಗುತ್ತದಲ್ಲ ಎಂದು ಹೆದರಿಕೆಯಾಯಿತು. ಇಷ್ಟಾದರೂ ಬಾಯಿ ಬಿಡುವುದಿಲ್ಲವಲ್ಲ ಎಂದು ಸಿಟ್ಟೂ ಬಂತು.

ಮರುದಿನ ಮಧ್ಯಾಹ್ನ ಅವರು ಮಲಗಿದ್ದಾಗ ಟ್ರಂಕಿನಿಂದ ನನ್ನ ಕೌದಿ ತೆಗೆದೆ. ಮದುವೆಯ ವಾರದಲ್ಲಿ ಅವರೇ ಹೊಲಿದು ಹೊದಿಸಿದ್ದು. ಕಿವಿಯೆಲ್ಲ ಅವರ ಉಸಿರಿನ ಮೇಲಿಟ್ಟು ಮೂಲೆ ಬಿಚ್ಚಿದೆ.

ಮೊದಲು ಒಣಗಿಸಿದ ಜೋಳದ ಕಟಕ ರೊಟ್ಟಿಯ ಪುಡಿ ಉದುರಿತು. ಆಮೇಲೆ ಎರಡು ಬೆರಳಗಲದ ಕೆಂಪು ಬಟ್ಟೆ ಬಂತು, ಜರಿ ಸಮೇತ. ಮದುವೆಯಲ್ಲಿ ನಾನು ತಲೆಗೆ ಹೊದ್ದಿದ್ದ ಓಢನಿಯ ಅಂಚು. ಅದನ್ನು ದರ್ಜಿಯೇ ಹೊಡೆದುಕೊಂಡ ಎಂದು ಹದಿನಾಲ್ಕು ವರ್ಷ ಆ ಬಡಪಾಯಿಗೆ ಶಾಪ ಹಾಕಿದ್ದೇನೆ.

ಗಡಿಬಿಡಿಯಲ್ಲಿ ಮುಚ್ಚಿ ಹೊಲಿದೆ. ಕಣ್ಣು ಹೋದರೇನು, ಸಂಜೆ ಹೊರಗೇ ಉಳಿದಿದ್ದ ಆ ಕೌದಿ ಮಡಚುವಾಗ ಅತ್ತೆಯ ಹೆಬ್ಬೆರಳು ಆ ಮೂಲೆಯ ಮೇಲೇ ನಿಂತಿತು. ಮನೆಯಲ್ಲಿ ನಾವಾಡುವುದು ದಖ್ಖನಿ ಉರ್ದು. ಸಿಟ್ಟು ಬಂದರೆ ಅತ್ತೆ ಕನ್ನಡಕ್ಕೆ ಇಳಿಯುತ್ತಾರೆ.

"ಇದನ್ನ ಯಾರು ಬಿಚ್ಯಾರ?"

"ನಾನ ಬಿಚ್ಚೀನಿ, ಅಮ್ಮಿ. ರೊಟ್ಟಿ ಯಾಕ ಇಟ್ಟೀರಿ?"

"ಹೊಟ್ಟಿ ಹಸದ ಕೌದಿ ಬೆಚ್ಚಗ ಇಡಂಗಿಲ್ಲ."

"ನನ್ನ ಓಢನಿ?"

"ಯಾರು ಹೊಚಗೋತಾರ, ಅವರ ಬಟ್ಟಿ ಚೂರರ ಒಳಗ ಇರಬೇಕು. ಇಲ್ಲಂದ್ರ ಅದು ಮಂದಿ ಕೌದಿ ಆಗೇ ಉಳೀತದ."

ನಾನು ತಲೆ ತಗ್ಗಿಸಿದೆ. "ಮಗಳಿಗಷ್ಟ ಹೇಳೂದು ಅಂತಿದ್ರಿ. ತಪ್ಪಾತು."

"ಹೇಳೂದು ಅಂತ ಯಾವಾಗ ಅಂದೀನಿ? ನಮ್ಮವ್ವ ನನಗೇನು ಹೇಳಿಲ್ಲ. ನಾನೂ ಕದ್ದು ಬಿಚ್ಚಿ ನೋಡೀನಿ. ಅಕಿನೂ ಹಂಗ ನೋಡ್ಯಾಳ." ಹೆಬ್ಬೆರಳು ಇನ್ನೂ ನನ್ನ ಹೊಲಿಗೆಯ ಮೇಲೇ ಇತ್ತು. "ಮದಿವ್ಯಾದ ವರ್ಷದಾಗ ಬಿಚ್ಚತಿ ಅಂದ್ಕೊಂಡಿದ್ದೆ. ನೀ ಬರೇ ಸಿಟ್ಟು ಮಾಡ್ಕೋತ ಕುಂತಿ. ಹದಿನಾಕು ವರ್ಷ ಕಾದೀನಿ ಬೇ."

ನನಗೆ ಅಳು ಬಂತು.

ಮೂರನೆಯ ದಿನ ಶಿವಗಂಗಾಳ ಕೌದಿ ನಾಲ್ಕು ಬೆರಳಿಗೆ ಬಂತು. ಶರಣಮ್ಮ ಕೊಟ್ಟುಹೋಗಿದ್ದ ಹಳೆ ಬಟ್ಟೆಯಲ್ಲಿ ಅವಳ ಕುಪ್ಪಸ ಹುಡುಕಿ, ಚೂರೊಂದನ್ನು ನಾನು ಮೊದಲೇ ಕತ್ತರಿಸಿಟ್ಟಿದ್ದೆ. ಅತ್ತೆ ತಡವರಿಸಿ ರೊಟ್ಟಿ ಮುರಿದು ನನ್ನ ಅಂಗೈಯಲ್ಲಿಟ್ಟರು.

"ಒಳಗ ಹೋಗು. ಚಿಲಕ ಹಾಕ್ಕೋ."

"ನೀವೂ ಬರ್ರಿ, ಅಮ್ಮಿ."

"ನಿನ್ನ ಗುಟ್ಟು ನನಗ್ಯಾಕ ಬೇಕು," ಎಂದು ಅವರು ಹೊರಗೇ, ಬಾಗಿಲಿಗೆ ಬೆನ್ನು ಕೊಟ್ಟು ಕೂತರು.