ವಿವರ ಹೇಳಿದವರು: ತಾಯಿ

ಬ್ಯಾಂಕಿನಲ್ಲಿ ಇಪ್ಪತ್ತಮೂರು ವರ್ಷದಿಂದ ನಾನು ಜನರಿಗೆ ಹೇಳುತ್ತಾ ಬಂದದ್ದು ಒಂದೇ ಮಾತು. ಫಾರ್ಮಿನಲ್ಲಿ ಯಾವ ಜಾಗವನ್ನೂ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಿರಿ. ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ನಮ್ಮ ಶಾಖೆಯಲ್ಲಿ ಮೂರನೇ ಕೌಂಟರ್ ನನ್ನದು. ದಿನಕ್ಕೆ ಹತ್ತು ಸಲವಾದರೂ ಮಲಯಾಳದಲ್ಲಿ ಇದನ್ನು ಹೇಳುತ್ತೇನೆ. ಹಾಗಾಗಿ ಕಳೆದ ಜನವರಿಯಲ್ಲಿ ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ಮಗಳ ಫಾರ್ಮ್ ನನ್ನ ಕೈಗೆ ಬಂದಾಗ, ಈ ಮೊದಲು ಆದ ಆಪರೇಷನ್‌ಗಳು ಎಂಬ ಗೆರೆಯ ಮುಂದೆ ಪೆನ್ನು ನಿಲ್ಲಲೇ ಇಲ್ಲ. ಇಲ್ಲ ಅಂತ ಬರೆದೆ.

ಆಗಿತ್ತು. ನಾಲ್ಕು ವರ್ಷದ ಹಿಂದೆ, ಕೊಚ್ಚಿಯಲ್ಲೇ.

ಧನಶ್ರೀಗೆ ಆಗ ಇಪ್ಪತ್ತೆರಡು, ತೂಕ ನೂರ ಇಪ್ಪತ್ತೊಂದು ಕಿಲೋ. ಅವಳ ಅಪ್ಪನದ್ದೂ ಅದೇ ಮೈಕಟ್ಟು. ಅವರು ನಲವತ್ತಾರನೇ ವಯಸ್ಸಿಗೆ ವೈಟ್ಟಿಲದ ಬಸ್‌ಸ್ಟ್ಯಾಂಡಿನಲ್ಲಿ ಟಿಫಿನ್ ಬ್ಯಾಗ್ ಹಿಡಿದುಕೊಂಡೇ ಕುಸಿದು ಹೋದರು. ಅವಳಾಗ ಏಳನೇ ಕ್ಲಾಸು. ಮಗಳಿಗೆ ಸಕ್ಕರೆ ಕಾಯಿಲೆಯ ಮೊದಲ ರಿಪೋರ್ಟ್ ಬಂದ ದಿನ ನನಗೆ ಕಂಡದ್ದು ಆ ಟಿಫಿನ್ ಬ್ಯಾಗೇ. ಡಾಕ್ಟರು ಆಪರೇಷನ್ ಅಂದರು, ನಾನು ಆಗಲಿ ಅಂದೆ. ಅವಳನ್ನು ಕೇಳಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ.

ಹೊಟ್ಟೆಯನ್ನು ಒಂದು ಕೋಳಿಮೊಟ್ಟೆಯಷ್ಟು ಮಾಡಿ, ಕರುಳಿನ ಮೊದಲ ತುಂಡನ್ನು ಬಿಟ್ಟು ಮುಂದಕ್ಕೆ ಜೋಡಿಸಿದರು. ಕ್ಯಾಲ್ಸಿಯಂ ಹೆಚ್ಚಾಗಿ ಮೈಗೆ ಸೇರುವುದು ಆ ಬಿಟ್ಟ ತುಂಡಿನಲ್ಲೇ, ಇನ್ನು ಇವಳು ತಿಂದದ್ದು ಆ ದಾರಿಯಲ್ಲಿ ಬರುವುದೇ ಇಲ್ಲ ಎಂದು ಡಯಟಿಷಿಯನ್ ಹುಡುಗಿ ಚಿತ್ರ ಬರೆದು ತೋರಿಸಿದಳು. ಜೊತೆಗೆ ಅಷ್ಟೊಂದು ಭಾರ ಒಮ್ಮೆಲೇ ಇಳಿದರೆ ಎಲುಬು ತಾನೂ ಸವೆಯುತ್ತದಂತೆ. ಜೀವನ ಪೂರ್ತಿ ಮಾತ್ರೆ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಎಲುಬಿನ ಸ್ಕ್ಯಾನ್. ಎಲ್ಲವನ್ನೂ ಬರೆದುಕೊಂಡೆ. ನನ್ನ ಅಕ್ಷರ ಚಂದ ಅಂತ ಅವಳು ಹೊಗಳಿದಳು.

ಊರಲ್ಲಿ, ಅಂದರೆ ಕಾಸರಗೋಡಿನ ಬದಿಯಡ್ಕದಲ್ಲಿ, ಯಾರಿಗೂ ಹೇಳಲಿಲ್ಲ. ಹೊಟ್ಟೆ ಕೊಯ್ದ ಹುಡುಗಿ ಅಂತ ಒಮ್ಮೆ ಹೆಸರು ಬಿದ್ದರೆ ಮುಂದಿನ ಮಾತೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಮಕ್ಕಳಾಗುತ್ತದಾ ಅಂತ ಕೇಳುತ್ತಾರೆ, ಉಣ್ಣಲಿಕ್ಕೆ ಆಗುತ್ತದಾ ಅಂತ ಕೇಳುತ್ತಾರೆ. ಎರಡು ವರ್ಷದಲ್ಲಿ ಧನು ಅರವತ್ತಮೂರು ಕಿಲೋಕ್ಕೆ ಇಳಿದಳು. ತಿರುವನಂತಪುರದ ಕನ್ನಡ ಸಂಘದ ದಸರೆಗೆ ಹೋದಾಗ ಹೆಂಗಸರೆಲ್ಲ ಸುತ್ತ ನಿಂತರು. ಸಂಘದ ಕಾರ್ಯದರ್ಶಿ ರತ್ನ ಕೇಳಿದರು, ಗುಟ್ಟು ಎಂತ ಸುಮಿತ್ರಕ್ಕ, ನಮಗೂ ಸ್ವಲ್ಪ ಹೇಳಿ. ವಾಕಿಂಗ್, ರಾತ್ರಿ ಅನ್ನ ಇಲ್ಲ, ಅಂತ ನನ್ನ ಬಾಯಿಂದ ಬಂತು. ಧನು ಪಕ್ಕದಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದಳು.

ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಸಭೆಯಲ್ಲಿ ಅವಳಿಂದ ಹತ್ತು ನಿಮಿಷ ಮಾತಾಡಿಸಿದರು. ಎಷ್ಟು ಹೆಜ್ಜೆ, ಯಾವ ಹೊತ್ತು ಅಂತ ಒಂದು ಚಾರ್ಟ್ ಮಾಡಿಸಿ ಸಂಘದ ಗೋಡೆಗೆ ಅಂಟಿಸಿದರು. ಆ ಚಾರ್ಟಿನ ಅಕ್ಷರವೂ ನನ್ನದೇ. ಅದಾಗಿ ತಿಂಗಳೊಳಗೆ ರತ್ನ ತಮ್ಮ ಅಕ್ಕನ ಮಗ ಚಿನ್ಮಯ್‌ಗೆ ಧನುವನ್ನು ಕೇಳಿದರು. ವಿಳಿಂಜಂ ಬಂದರಿನಲ್ಲಿ ಎಂಜಿನಿಯರ್, ಮಾತು ಕಡಿಮೆ, ಒಳ್ಳೆಯ ಹುಡುಗ. ಧನುವಿಗೂ ಇಷ್ಟವಾದ. ಅವನ ಹತ್ತಿರ ಹೇಳಿಬಿಡುತ್ತೇನೆ ಅಂತ ಅವಳು ಮಲಯಾಳದಲ್ಲಿ ಅಂದಳು. ಕೊಚ್ಚಿಯಲ್ಲಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಮಲಯಾಳದಲ್ಲೇ. ನಿಶ್ಚಿತಾರ್ಥ ಒಂದು ಮುಗಿಯಲಿ ಅಂದೆ ನಾನು.

ಅಷ್ಟರಲ್ಲಿ ಅವಳಿಗೆ ತಿರುವನಂತಪುರದ ಕಳಕ್ಕೂಟಂನಲ್ಲಿ ಕೆಲಸವಾಗಿ ಹಾಸ್ಟೆಲ್ ಸೇರಿದ್ದಳು. ಆ ಹಾಸ್ಟೆಲಿನಲ್ಲಿ ನಮ್ಮ ಕಡೆಯ ಹುಡುಗಿಯರು ನಾಲ್ಕೈದು ಜನ. ಅವರ ಕಣ್ಣಿಗೆ ಬೀಳಬಾರದು ಅಂತ ಮಾತ್ರೆಗಳನ್ನೆಲ್ಲ ಪೊಟ್ಟಣದಿಂದ ಬಿಡಿಸಿ ಚ್ಯವನಪ್ರಾಶದ ಹಳೆಯ ಡಬ್ಬದಲ್ಲಿ ತುಂಬಿಸಿ ಕಳಿಸುತ್ತಿದ್ದೆ. ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಎಲ್ಲ ಒಂದೇ ಡಬ್ಬ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ಮೈಗೆ ಸೇರಲು ಬಿಡುವುದಿಲ್ಲ ಎನ್ನುವುದು ನಾನೇ ಬರೆದುಕೊಂಡ ಕಾಗದದಲ್ಲಿತ್ತು. ಅವಳು ಬೆಳಿಗ್ಗೆ ಒಂದು ಹಿಡಿ ಒಟ್ಟಿಗೆ ನುಂಗುತ್ತಿದ್ದಳು. ರೂಮಿನ ಜೊತೆಗಾತಿ ಫಾತಿಮಾ ಎರಡು ಸಲ ಕೇಳಿದ ಮೇಲೆ ಅದನ್ನೂ ಬಿಟ್ಟಳು. ರಕ್ತಪರೀಕ್ಷೆಗೆ ಕೊಚ್ಚಿಗೆ ಬಾ ಅಂದರೆ ರಜೆ ಇಲ್ಲ ಅನ್ನುವಳು. ನೋಡಲಿಕ್ಕೆ ಚೆನ್ನಾಗಿಯೇ ಇದ್ದೀಯಲ್ಲ, ಸುಮ್ಮನೆ ಯಾಕೆ ಸೂಜಿ, ಅಂತ ನಾನೂ ಅಂದದ್ದಿದೆ. ಸ್ಕ್ಯಾನಿನ ಮಾತು ಇಬ್ಬರೂ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಬಲಗಡೆ ತೊಡೆಸಂದಿಯಲ್ಲಿ ನೋವು ಶುರುವಾಯಿತು. ನಡೆದರೆ ಹೆಚ್ಚು, ಕೂತರೆ ಕಡಿಮೆ. ಜನವರಿಯಲ್ಲಿ ಬ್ಯಾಂಕಿಗೆ ಒಂದು ದಿನ ರಜೆ ಹಾಕಿ ಬೆಳಗಿನ ರೈಲಿನಲ್ಲಿ ಹೋದೆ. ಎಲುಬಿನ ಡಾಕ್ಟರು ಅಂದರೆ ನಮಗೆ ಉಪೇಂದ್ರ ಅವರೇ, ರತ್ನ ಅವರ ಗಂಡ. ಊರಿಗೆಲ್ಲ ಬೇಕಾದ ಡಾಕ್ಟರು. ಕನ್ನಡದಲ್ಲಿ ನೋವು ಹೇಳಬಹುದು ಅಂತ ಕಾಸರಗೋಡಿನ ಕಾಲೇಜು ಹುಡುಗರೂ ಅಲ್ಲಿಗೇ ಹೋಗುತ್ತಾರೆ. ಬೇರೆ ಡಾಕ್ಟರ ಹತ್ತಿರ ಹೋದರೆ ಯಾಕೆ ಹೋದಿರಿ ಅನ್ನುವ ಪ್ರಶ್ನೆ ಬರುತ್ತಿತ್ತು.

ಫಾರ್ಮ್ ತುಂಬಿದೆ. ಒಬ್ಬ ಎಳೆಯ ಡಾಕ್ಟರು ಕೂತು ಇನ್ನಷ್ಟು ಕೇಳಿ ಬರೆದುಕೊಂಡ. ಉತ್ತರವೆಲ್ಲ ನಾನೇ ಕೊಟ್ಟೆ. ಆಮೇಲೆ ಒಳಗೆ ಕರೆದರು.

ಸಂಘದ ವಾಕಿಂಗ್ ಟೀಚರಿಗೇ ಕಾಲುನೋವು ಬಂದರೆ ನಮ್ಮಂಥ ಹೊಟ್ಟೆಯವರ ಗತಿ ಎಂತದು ಮಾರಾಯ್ತಿ, ಅಂತ ಉಪೇಂದ್ರ ನಗಿಸಿದರು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು, ಏನೂ ಕಾಣಲಿಲ್ಲ. ಥೈರಾಯ್ಡ್ ಕೇಳಿದರು, ತಿಂಗಳ ಮುಟ್ಟು ಕೇಳಿದರು, ದಿನಾ ತೆಗೆದುಕೊಳ್ಳುವ ಮದ್ದು ಏನಾದರೂ ಉಂಟಾ ಅಂತ ಕೇಳಿದರು. ಧನು ನನ್ನ ಕಡೆ ನೋಡಿದಳು. ಮೇಜಿನ ಕೆಳಗೆ ನನ್ನ ಪಾದ ಅವಳ ಪಾದದ ಮೇಲೆ ಇತ್ತು. ಬರೇ ವಿಟಮಿನ್ ಡಾಕ್ಟ್ರೇ, ಅಂದೆ.

ದಿನಾ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಸ್ನಾಯು ಬಿಗಿದಿದೆ, ನಡಿಗೆ ನಿಲ್ಲಿಸಬೇಡ, ಸ್ವಲ್ಪ ಹೆಚ್ಚೇ ಮಾಡು, ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ಎಂಆರ್‌ಐ ನೋಡೋಣ ಅಂದರು. ನೋವಿನ ಮಾತ್ರೆ ಬರೆದುಕೊಟ್ಟರು. ಆ ಮಾತ್ರೆ ಇಂಥ ಆಪರೇಷನ್ ಆದ ಹೊಟ್ಟೆಗೆ ಆಗುವುದಿಲ್ಲ, ಹುಣ್ಣಾಗುತ್ತದೆ. ಹೊರಗೆ ಬಂದು ಅದನ್ನು ಮಾತ್ರ ತೆಗೆದುಕೊಳ್ಳಬೇಡ ಅಂತ ಮಗಳಿಗೆ ಹೇಳಿದೆ. ಅಷ್ಟು ನನಗೆ ಗೊತ್ತಿತ್ತು.

ಆಟೋದಲ್ಲಿ ಅವಳು ಒಂದೇ ಸಲ ಹೇಳಿದಳು, ಅಮ್ಮ, ಹೇಳಬೇಕಿತ್ತು. ಫೆಬ್ರವರಿ ಹದಿನಾರಕ್ಕೆ ನಿಶ್ಚಿತಾರ್ಥ, ಮರುದಿನ ನಾನೇ ಅವರ ಮನೆಗೆ ಹೋಗಿ ಕೂತು ಹೇಳುತ್ತೇನೆ ಅಂದೆ. ನಿಜವಾಗಿಯೂ ಹೋಗುತ್ತಿದ್ದೆನಾ, ಗೊತ್ತಿಲ್ಲ.

ಹದಿನಾರು ದಿನ ನಡೆದಳು. ಸಂಜೆ ನಾನು ಕೌಂಟರಿನ ಲೆಕ್ಕ ಮುಗಿಸಿ ಮೆಟ್ರೋ ಸ್ಟೇಷನ್ನಿನ ಪಕ್ಕದಲ್ಲಿ ತರಕಾರಿ ಆರಿಸುವಾಗ ಫೋನ್ ಮಾಡಿ ಅವತ್ತಿನ ಹೆಜ್ಜೆಗಳ ಸಂಖ್ಯೆ ಹೇಳುವಳು. ಆರು ಸಾವಿರ. ಏಳೂವರೆ ಸಾವಿರ. ನೋವು ಹೇಗುಂಟು ಅಂದರೆ ಉಂಟು ಅನ್ನುವಳು. ಡಾಕ್ಟರು ಹೇಳಿದ್ದಾರಲ್ಲ, ಬಿಡಬೇಡ, ಅಂತ ನಾನು ಹೇಳುತ್ತಿದ್ದೆ. ಕೊನೆಯ ದಿನದ ಸಂಖ್ಯೆ ಒಂಬತ್ತು ಸಾವಿರದ ಇನ್ನೂರು.

ಹದಿನೇಳನೇ ದಿನ ಮಧ್ಯಾಹ್ನ ಹನ್ನೆರಡೂಕಾಲಿಗೆ, ಮುದುಕರೊಬ್ಬರಿಗೆ ನಾಮಿನಿಯ ಹೆಸರು ಎಲ್ಲಿ ಬರೆಯಬೇಕೆಂದು ತೋರಿಸುತ್ತಿದ್ದಾಗ ಫಾತಿಮಾಳ ಫೋನ್ ಬಂತು. ಇಬ್ಬರೂ ಆಫೀಸಿನ ಬಸ್ಸಿನಿಂದ ಇಳಿದು ಗೇಟಿನ ಕಡೆ ಬರುತ್ತಿದ್ದರಂತೆ. ಧನು ಎಡವಲಿಲ್ಲ, ಜಾರಲಿಲ್ಲ. ಫಾತಿಮಾ ಅಳದೆ, ನಿಧಾನವಾಗಿ, ನಾನು ತಪ್ಪು ತಿಳಿಯಬಾರದು ಅನ್ನುವ ಹಾಗೆ ಹೇಳಿದಳು, "ಆಂಟಿ, ಅವಳು ಬಿದ್ದು ಮುರಿದದ್ದಲ್ಲ. ಮುರಿದ ಶಬ್ದ ನನಗೆ ಕೇಳಿಸಿತು, ಆಮೇಲೆ ಬಿದ್ದಳು."

ಸಿಕ್ಕಿದ ರೈಲು ಹತ್ತಿ ಐದು ಗಂಟೆಗೆ ಮುಟ್ಟಿದೆ. ಅದೇ ಆಸ್ಪತ್ರೆ. ಎಮರ್ಜೆನ್ಸಿಯಲ್ಲಿ ಬಲಗಾಲು ಹೊರಕ್ಕೆ ತಿರುಗಿ, ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು. ತೊಡೆಯ ಎಲುಬು ಸೊಂಟಕ್ಕೆ ಸೇರುವ ಕುತ್ತಿಗೆಯಲ್ಲಿ ಪೂರ್ತಿ ಮುರಿದು ಜಾರಿದೆ, ಅಲ್ಲಿಗೆ ಹೋಗುವ ರಕ್ತನಾಳಗಳು ಸಣ್ಣ, ತಡ ಮಾಡುವ ಹಾಗಿಲ್ಲ ಅಂದರು. ಇಪ್ಪತ್ತಾರರ ಹುಡುಗಿಗೆ ಲಾರಿ ಗುದ್ದದೆ ಇದು ಹೀಗೆ ಮುರಿಯುವುದಿಲ್ಲ ಅಂತ ಎಳೆಯ ಡಾಕ್ಟರು ನರ್ಸಿಗೆ ಹೇಳುತ್ತಿದ್ದ. ಆಪರೇಷನ್ನಿನ ಒಪ್ಪಿಗೆ ಕಾಗದದ ಜೊತೆ ಮತ್ತೆ ಅದೇ ಫಾರ್ಮ್ ಕೊಟ್ಟರು. ಅದೇ ಗೆರೆ.

ಪೆನ್ನು ಹಿಡಿದು ನಿಂತೆ. ಉಪೇಂದ್ರ ಒಳಗೆ ಬಂದರು, ಹಿಂದೆಯೇ ರತ್ನ ಫ್ಲಾಸ್ಕ್ ಹಿಡಿದುಕೊಂಡು. ಸುಮಿತ್ರಕ್ಕ, ಹೆದರಬೇಡಿ, ನಮ್ಮ ಹುಡುಗಿ ಅಲ್ವಾ, ಅಂದರು ರತ್ನ. ಆ 'ನಮ್ಮ' ಅನ್ನುವ ಮಾತಿಗೆ ನಾನು ಪೆನ್ನಿನ ಮುಚ್ಚಳ ಹಾಕಿದೆ. ಈಗ ಬರೆದರೆ ಇವರ ಎದುರೇ ಬರೆಯಬೇಕು. ಹೇಗೂ ಮುರಿದಾಯಿತು, ರಾಡೋ ಸ್ಕ್ರೂವೋ ಹಾಕಿ ಕೂಡಿಸುತ್ತಾರೆ, ಇನ್ನೊಂದು ದಿನ ತಡೆದರೆ ಏನಾಗುತ್ತದೆ ಅನ್ನುವ ಯೋಚನೆ ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮಗಳು ಆ ಸ್ಥಿತಿಯಲ್ಲಿ ಮಲಗಿದ್ದಾಗಲೂ ಬಂತು.

ಸ್ಟ್ರೆಚರಿನಿಂದ ಧನು ಕನ್ನಡದಲ್ಲಿ ಮಾತಾಡಿದಳು. ತಡೆದು ತಡೆದು, ಮಕ್ಕಳು ಪಾಠ ಒಪ್ಪಿಸುವ ಹಾಗೆ.

"ಅಂಕಲ್, ನನ್ನ ಹೊಟ್ಟೆಯ ಆಪರೇಷನ್ ಆಗಿದೆ. ತೂಕ ಇಳಿಸುವುದು. ನಾಲ್ಕು ವರ್ಷ ಆಯ್ತು. ಅಮ್ಮ ಹೇಳುವುದಿಲ್ಲ, ಅದಕ್ಕೆ ನಾನು ಹೇಳಿದೆ."

ರತ್ನ ಫ್ಲಾಸ್ಕನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಉಪೇಂದ್ರ ಅವಳ ಅಂಗಿ ಸ್ವಲ್ಪ ಎತ್ತಿ, ಮಾಸಿಹೋದ ಐದು ಸಣ್ಣ ಗುರುತುಗಳನ್ನು ನೋಡಿದರು. ಯಾವ ಬಗೆಯ ಆಪರೇಷನ್, ಕ್ಯಾಲ್ಸಿಯಂ ನಿಲ್ಲಿಸಿ ಎಷ್ಟು ತಿಂಗಳು, ನೋವಿನ ಮಾತ್ರೆ ತಿಂದೆಯಾ, ಎಲ್ಲ ಅವಳನ್ನೇ ಕೇಳಿದರು. ಅವಳಿಗೆ ಗೊತ್ತಿಲ್ಲದ ಕಡೆಯೂ ನನ್ನತ್ತ ತಿರುಗಲಿಲ್ಲ. ರಕ್ತಪರೀಕ್ಷೆಗೆ ಬರೆದರು, ಅರಿವಳಿಕೆಯ ಡಾಕ್ಟರಿಗೆ ಫೋನ್ ಮಾಡಿದರು. ಕೈ ತೊಳೆಯಲು ಹೋಗುವ ಮೊದಲು ಬಾಗಿಲ ಹತ್ತಿರ ನನ್ನ ಎದುರು ನಿಂತರು. ದನಿ ಏರಲಿಲ್ಲ.

"ಅವತ್ತು ಎಕ್ಸ್‌ರೇಯಲ್ಲಿ ಕಾಣದ ಬಿರುಕು ಇತ್ತು. ಈ ಒಂದು ಮಾತು ಹೇಳಿದ್ದರೆ ನಾನು ಅವಳ ಕೈಗೆ ಊರುಗೋಲು ಕೊಟ್ಟು ಮಲಗಿಸುತ್ತಿದ್ದೆ. ನಡಿ ಅಂತ ಹೇಳಿದವನು ನಾನು, ಸುಮಿತ್ರಕ್ಕ. ನನ್ನಿಂದ ಅದನ್ನು ಹೇಳಿಸಿದ್ದು ನೀವು."

ಮೂರು ಸ್ಕ್ರೂ ಹಾಕಿದರು. ರಕ್ತದ ರಿಪೋರ್ಟ್ ಬಂತು. ವಿಟಮಿನ್ ಡಿ ಇರಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಸಿಗದ ಕ್ಯಾಲ್ಸಿಯಂ ಅನ್ನು ಅವಳ ಮೈ ಎಲುಬಿನಿಂದಲೇ ಕಿತ್ತು ರಕ್ತಕ್ಕೆ ಕೊಡುತ್ತಾ ಇತ್ತು, ವರ್ಷಗಟ್ಟಲೆ. ಆಮೇಲೆ ಮಾಡಿದ ಸ್ಕ್ಯಾನಿನಲ್ಲಿ ಎಪ್ಪತ್ತು ವರ್ಷದ ಹೆಂಗಸಿನ ಎಲುಬು ಅಂತ ಬಂತು.

ನಿಶ್ಚಿತಾರ್ಥದ ಹದಿನಾರನೇ ತಾರೀಕು ಬಂತು, ಹೋಯಿತು. ಚಿನ್ಮಯ್ ಎರಡು ಸಲ ಬಂದು ಧನುವಿನ ಹತ್ತಿರ ಕೂತು ಹೋದ. ಮೂರನೇ ಸಲ ಬರಬೇಡ ಅಂತ ಅವಳೇ ಹೇಳಿದಳಂತೆ. ರತ್ನ ಫೋನ್ ಮಾಡುವುದು ನಿಲ್ಲಿಸಿದರು. ಸಂಘದ ಗೋಡೆಯ ಚಾರ್ಟನ್ನು ಅವರೇ ತೆಗೆದರೆಂದು ಬೇರೆಯವರಿಂದ ತಿಳಿಯಿತು. ಅದನ್ನು ನೋಡಿ ನಡೆದೂ ನಡೆದೂ ತೂಕ ಇಳಿಯದೆ ತಮ್ಮನ್ನೇ ಬೈದುಕೊಂಡ ಹೆಂಗಸರಿಗೆ ನಾನು ಇನ್ನೂ ಮುಖ ತೋರಿಸಿಲ್ಲ.

ನಾನು ವಾರಕ್ಕೊಮ್ಮೆ ಶನಿವಾರದ ರೈಲಿನಲ್ಲಿ ಹೋಗಿ ಭಾನುವಾರ ಸಂಜೆ ವಾಪಸಾಗುತ್ತೇನೆ. ಕೊಚ್ಚಿಗೆ ಬಾ ಅಂದರೆ ಅವಳು ಬರುವುದಿಲ್ಲ. ಕೆಳಗಿನ ಮಹಡಿಯ ರೂಮು ಹಿಡಿದು ಫಾತಿಮಾ ಜೊತೆಗೇ ಇದ್ದಾಳೆ. ಮಾತ್ರೆಗಳು ಈಗ ಮೇಜಿನ ಮೇಲೆ ತಮ್ಮ ಹೆಸರು ಹೊತ್ತ ಪೊಟ್ಟಣಗಳಲ್ಲೇ ಇವೆ. ಬೆಳಿಗ್ಗೆಯದು ಬೇರೆ, ಸಂಜೆಯದು ಬೇರೆ. ನಾನು ಮುಟ್ಟುವುದಿಲ್ಲ.

ಸ್ಕ್ರೂ ಹಾಕಿದ ಐದನೇ ತಿಂಗಳಲ್ಲಿ ಮತ್ತೆ ನೋವು ಬಂತು. ಎಂಆರ್‌ಐ ಮಾಡಿಸಿ ಉಪೇಂದ್ರ ಅವರ ಎದುರು ಕೂತೆವು. ಎಲುಬಿನ ತಲೆಗೆ ರಕ್ತ ಹೋಗುತ್ತಿಲ್ಲ, ಮುಕ್ಕಾಲು ಭಾಗ ಸತ್ತಿದೆ, ಕುಸಿಯಲು ಶುರುವಾಗಿದೆ ಅಂದರು. ಕೀಲು ಬದಲಿಸಬೇಕು. ಇಪ್ಪತ್ತಾರಕ್ಕೆ ಹಾಕಿದ ಕೀಲು ಕೊನೆಯವರೆಗೆ ಬರುವುದಿಲ್ಲ, ಇನ್ನೊಮ್ಮೆ, ಬಹುಶಃ ಇನ್ನೂ ಒಮ್ಮೆ ಬದಲಿಸಬೇಕಾದೀತು. ಆ ಸಪೂರ ಎಲುಬಿನಲ್ಲಿ ಅದು ಹಿಡಿದು ನಿಲ್ಲುವುದೂ ಸುಲಭವಲ್ಲ. ಧನು ಎಲ್ಲ ಕೇಳಿಸಿಕೊಂಡು, ಆಫೀಸಿಗೆ ಎಷ್ಟು ದಿನ ರಜೆ ಹಾಕಲಿ ಅಂತ ಕೇಳಿದಳು.

ದಾಖಲಾತಿಯ ಕೌಂಟರಿನಲ್ಲಿ ಹಳೆಯ ಫೈಲಿನ ನಕಲು ಕೈಗೆ ಕೊಟ್ಟರು. ಬೆಂಚಿನಲ್ಲಿ ಕೂತು ತಿರುವಿದೆ. ಜನವರಿಯ ಹಾಳೆ ಸಿಕ್ಕಿತು. ಆ ಎಳೆಯ ಡಾಕ್ಟರು ಇಂಗ್ಲಿಷಿನಲ್ಲಿ, ಎಲ್ಲ ರೋಗಿಗಳಿಗೂ ಬರೆಯುವ ಹಾಗೆ, ಮೇಲಿನ ಗೆರೆಯಲ್ಲೇ ಬರೆದಿದ್ದ. ವಿವರ ಹೇಳಿದವರು: ತಾಯಿ. ನಂಬತಕ್ಕವರು.

ಅದನ್ನು ಓದಿ ಮುಗಿಸುವ ಮೊದಲು ಹೊಸ ಫಾರ್ಮ್ ಬಂತು. ಅಭ್ಯಾಸದಿಂದ ಕೈ ಚಾಚಿದೆ. ಧನು ಊರುಗೋಲನ್ನು ನನ್ನ ಮಡಿಲಿಗೆ ಒರಗಿಸಿ, ಫಾರ್ಮನ್ನು ತಾನು ತೆಗೆದುಕೊಂಡು, ಬ್ಯಾಗಿನಿಂದ ತನ್ನ ಪೆನ್ನು ಹುಡುಕಿದಳು. ಆಪರೇಷನ್‌ಗಳ ಗೆರೆಯಲ್ಲಿ ಜಾಗ ಸಾಲದೆ ಅಂಚಿಗೂ ಬರೆದಳು. ನಾನು ಊರುಗೋಲು ಹಿಡಿದುಕೊಂಡು ಕೂತಿದ್ದೆ. ಒಂದು ಕಡೆ ಅವಳ ಪೆನ್ನು ಸ್ವಲ್ಪ ನಿಂತಿತು, ಏನೋ ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂಬಲ್ಲಿ ಫಾತಿಮಾಳ ನಂಬರ್ ಬರೆದು, ಹಾಳೆ ಮಗುಚಿದಳು.