ಬದುಕು ಎಂಬ ಅರ್ಥದ ಮಾತ್ರೆ

ಮೇಷ್ಟ್ರಿಗೆ ಯಾವ ಪದ ಸಿಕ್ಕರೂ ಅದರ ಬೇರು ಕೀಳದೆ ನಿದ್ದೆ ಹತ್ತುತ್ತಿರಲಿಲ್ಲ. ಶಾಲೆಯ ಹುಡುಗರು ಬೆನ್ನ ಹಿಂದೆ ಅವರನ್ನು 'ಮೂಲವ್ಯಾಧಿ ಮೇಷ್ಟ್ರು' ಎನ್ನುತ್ತಿದ್ದರು. ಪಾಪ, ಹುಡುಗರದ್ದೇನು ತಪ್ಪು? ಚಮಚದಿಂದ ಹಿಡಿದು ಚಾವಣಿಯವರೆಗೆ, ಮನೆಯಲ್ಲಿದ್ದ ಪ್ರತಿಯೊಂದರ ಹೆಸರೂ ಎಲ್ಲಿಂದ ಬಂತು ಎಂದು ಹೆಂಡತಿಗೆ ಹೇಳಿ ಮುಗಿಸಿದ್ದರು. ಆ ಹೆಂಡತಿಯನ್ನು 'ಹೇಗಿದ್ದೀಯ' ಎಂದು ಒಂದು ದಿನವಾದರೂ ಕೇಳಿದ್ದುಂಟೆ? ಆಕೆಗೆ ಬೇಕಾಗಿದ್ದು ಅಷ್ಟೇ.

ಆಕೆ ಮನೆಯಲ್ಲೇ ಹೊಲಿಗೆ ಮಾಡುವವಳು. ಈಚೆಗೆ ತಲೆಗೂದಲು ಕಂಡಾಪಟ್ಟೆ ಉದುರಿ, ಹೊಲಿಯುವ ಬಟ್ಟೆಗೂ ಅಂಟಿಕೊಳ್ಳುತ್ತಿತ್ತು. ಯಾರ ಮುಂದೆಯೂ ಬಾಯಿ ಬಿಡದೆ, ಔಷಧಿ ಅಂಗಡಿಯಿಂದ ಬಯೋಟಿನ್ ಮಾತ್ರೆಯ ಡಬ್ಬಿ ತಂದು ಮಿಷನ್ನಿನ ಪಕ್ಕ ಇಟ್ಟುಕೊಂಡಳು. ಮೇಷ್ಟ್ರ ಕಣ್ಣು ಅದರ ಮೇಲೆ ಬಿತ್ತು. ಡಬ್ಬಿ ಯಾಕೆ ಬಂತು ಎಂದು ಕೇಳಲಿಲ್ಲ, ಹೆಸರು ಎಲ್ಲಿಂದ ಬಂತು ಎಂದು ಹುಡುಕಿದರು.

ಊಟದ ಹೊತ್ತಿಗೆ ಪಾಠ ಶುರುವಾಯಿತು. ಗ್ರೀಕರ ಮಾತಿನಲ್ಲಿ 'ಬಿಯೋಸ್' ಎಂದರೆ ಬದುಕು. ಆ ಬೇರಿಗೆ ಬಾಲ ಅಂಟಿಸಿ ವಿಜ್ಞಾನಿಗಳು ಬಯೋಟಿನ್ ಮಾಡಿದರು. ಇದಕ್ಕೆ ವಿಟಮಿನ್ ಎಚ್ ಎಂಬ ಹೆಸರೂ ಇತ್ತು, ಯಾಕೆಂದರೆ ಜರ್ಮನ್ನರ ಭಾಷೆಯಲ್ಲಿ ಕೂದಲಿಗೂ ಚರ್ಮಕ್ಕೂ ಇರುವ ಪದಗಳು ಆ ಅಕ್ಷರದಿಂದಲೇ ಶುರುವಾಗುತ್ತವೆ. ಕೂದಲು ಎಂಬ ಮಾತು ಬಾಯಿಗೆ ಬಂದಾಗಲಾದರೂ ಎದುರಿಗಿದ್ದ ತಲೆಯನ್ನು ನೋಡಬೇಕೋ ಬೇಡವೋ? ನೋಡಲಿಲ್ಲ, ಪುಣ್ಯಾತ್ಮ. ಬದುಕು ಎಂಬ ಅರ್ಥವಿರುವ ಮಾತ್ರೆಯನ್ನು ಬರೀ ಕೂದಲಿಗೆ ದಂಡ ಮಾಡಬಾರದು ಎಂದು ತಾವೇ ಊಟಕ್ಕೊಂದರಂತೆ ನುಂಗತೊಡಗಿದರು. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಮೇಷ್ಟ್ರು ವರ್ಷದ ವಾಡಿಕೆಯಂತೆ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಗಂಟಲಿನ ಥೈರಾಯ್ಡ್ ಗ್ರಂಥಿ ಹದ್ದುಮೀರಿ ಕೆಲಸ ಮಾಡುತ್ತಿದೆ ಎಂದು ವರದಿ ಬಂತು. ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು: ಮುಂದಿನ ವಾರ ಬನ್ನಿ, ಮದ್ದು ಶುರು ಮಾಡೋಣ, ಅದಕ್ಕೂ ಬಗ್ಗದಿದ್ದರೆ ಆಪರೇಷನ್, ಅದರಲ್ಲಿ ಎಲ್ಲೋ ಅಪರೂಪಕ್ಕೆ ದನಿ ಹೋಗುವುದೂ ಉಂಟು. ಮೇಷ್ಟ್ರ ಕಿವಿಗೆ ಬಿದ್ದದ್ದು ಕೊನೆಯದೊಂದೇ. ದನಿ ಹೋದರೆ ಮೇಷ್ಟ್ರಲ್ಲಿ ಉಳಿಯುವುದಾದರೂ ಏನು?

ಮನೆಗೆ ಬಂದವರು ಸ್ಟೂಲು ಎಳೆದುಕೊಂಡು ಮಿಷನ್ನಿನ ಎದುರು ಕೂತರು. ಕಣ್ಣು ಆಕೆಯ ತಲೆಯ ಮೇಲೆ ನಿಂತಿತು.

"ನಿನ್ನ ಕೂದಲು ಇಷ್ಟೊಂದು ಉದುರಿದೆ, ನಾನು ನೋಡ್ಲೇ ಇಲ್ಲ," ಎಂದರು. "ಆ ಡಬ್ಬಿ ನೀನು ನಿನಗೆ ಅಂತ ತಂದ್ಕೊಂಡಿದ್ದು, ಅಲ್ವಾ? ಹೇಗಿದ್ದೀಯೇ ನೀನು?"

ಆಕೆ ಮಿಷನ್ನಿನಿಂದ ಕಾಲು ತೆಗೆದಳು. ಅಳು ಒತ್ತರಿಸಿಕೊಂಡು ಬಂತು. ಆ ವಾರವೆಲ್ಲ ಮೇಷ್ಟ್ರು ಕೇಳಿದ್ದೇ ಕೇಳಿದ್ದು, ಆಕೆ ಹೇಳಿದ್ದೇ ಹೇಳಿದ್ದು. ಬೆನ್ನು ನೋಯುತ್ತದೆಯೇ, ಮದುವೆಯಾದ ಹೊಸದರಲ್ಲಿ ಅತ್ತೆ ಏನಾದರೂ ಅಂದಿದ್ದರೇ, ಎಲ್ಲ ಕೇಳಿದರು. ಗಂಡನ ಗಂಟಲಿನ ದಿಗಿಲು ಒಂದು ಕಡೆ, ಈ ಸುಖ ಒಂದು ಕಡೆ. ಯಾವುದಕ್ಕೆ ಅಳುತ್ತಿದ್ದೇನೆ ಎಂದು ಆಕೆಗೇ ಗೊತ್ತಾಗುತ್ತಿರಲಿಲ್ಲ.

ಮುಂದಿನ ವಾರ ಡಾಕ್ಟರಮ್ಮ, ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಎಂದು ವಿಚಾರಿಸಿದರು. ಮೇಷ್ಟ್ರು ಬಯೋಟಿನ್ ಎಂದು, ರೂಢಿಯಂತೆ ಗ್ರೀಸಿಗೆ ಹೊರಟರು. ಡಾಕ್ಟರಮ್ಮ ಅರ್ಧಕ್ಕೇ ತಡೆದು ಹಣೆ ಚಚ್ಚಿಕೊಂಡರು. ಆ ಮಾತ್ರೆ ಜಾಸ್ತಿಯಾದರೆ ಈ ರಕ್ತ ಪರೀಕ್ಷೆಯೇ ದಾರಿ ತಪ್ಪಿ ಇಲ್ಲದ ರೋಗ ತೋರಿಸುತ್ತದಂತೆ. ಮಾತ್ರೆ ನಿಲ್ಲಿಸಿ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರೆ ಮೇಷ್ಟ್ರು ಗುಂಡುಕಲ್ಲಿನ ಹಾಗಿದ್ದರು.

ಜೊತೆಗೆ ಹೋಗಿದ್ದ ಆಕೆ ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು. ಪಕ್ಕದಲ್ಲಿ ಮೇಷ್ಟ್ರು, ಥೈರಾಯ್ಡ್ ಎಂಬುದು ಗುರಾಣಿಯಿಂದ ಬಂದ ಹೆಸರು ಎಂದು ಹಿಂದಿನ ಸೀಟಿಗೂ ಕೇಳುವಂತೆ ವಿವರಿಸುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಆಕೆ, ಬೆನ್ನು ಯಾಕೋ ತುಂಬಾ ನೋಯುತ್ತಿದೆ ಎಂದಳು. ಬೆನ್ನು ಎಂಬುದು ಎಷ್ಟು ಹಳೆಯ ಪದ ಗೊತ್ತೇ ಎಂದು ಮೇಷ್ಟ್ರು ಶುರುಮಾಡಿದರು.

ಮಾರನೆಯ ದಿನ ಆಕೆ ಔಷಧಿ ಅಂಗಡಿಗೆ ಹೋಗಿ ಎರಡು ಡಬ್ಬಿ ಬಯೋಟಿನ್ ತಂದಳು. ಒಂದನ್ನು ಮಿಷನ್ನಿನ ಪಕ್ಕ ಇಟ್ಟಳು, ಇನ್ನೊಂದನ್ನು ಮೇಷ್ಟ್ರ ತಟ್ಟೆಯ ಪಕ್ಕ.

"ಡಾಕ್ಟರಮ್ಮ ಬೇಡ ಅಂದಿದ್ದಾರಲ್ಲೇ," ಎಂದರು ಮೇಷ್ಟ್ರು.

"ಬದುಕು ಅಂತ ಅರ್ಥ ಅಂತ ನೀವೇ ಹೇಳಿದ್ರಲ್ರೀ," ಎಂದು ಆಕೆ ನೀರಿನ ಲೋಟ ಮುಂದೆ ಸರಿಸಿದಳು. "ನುಂಗಿ. ಮುಂದಿನ ವಾರ ಇನ್ನೊಂದ್ಸಲ ರಕ್ತ ಕೊಟ್ಟು ಬರೋಣ."