ಅಪ್ಪಿಗೊಂದು ಅರ್ಧ ಟಿಕೆಟ್

ಈ ಕತೆಯನ್ನು ಮೊದಲು ಹೇಳಿದವರು ಜಲಜಾಕ್ಷಿ, ಮಂಗಳೂರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದಾದಿಯಾಗಿ ದುಡಿದು ನಿವೃತ್ತರಾದವರು. ಹೇಳಿದ್ದು ೧೯೮೫ರ ಆಟಿ ತಿಂಗಳಲ್ಲಿ, ಎಂದರೆ ಆಷಾಢದ ಮಳೆಗಾಲದಲ್ಲಿ, ಮನೆಮನೆಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನಗಳು ನಡೆಯುತ್ತಿದ್ದಾಗ, ಕೊಟ್ಟಾರದ ತಮ್ಮ ಮನೆಯ ಜಗಲಿಯಲ್ಲಿ. ಕೇಳಲು ಕುಳಿತವರು ನೆರೆಯ ಆರು ಮಂದಿ. ಆಸ್ಪತ್ರೆಯ ಹೆಸರನ್ನು ಅವರು ಹೇಳಲಿಲ್ಲ, ಇಲ್ಲಿಯೂ ಹೇಳಿಲ್ಲ. ಕತೆ ದೇಯಿ ಎಂಬ ಆಯಾಳದು. ದೇಯಿಯ ಮನಸ್ಸಿನೊಳಗೆ ನಡೆದದ್ದೂ ಜಲಜಾಕ್ಷಿಯವರಿಗೆ ತಿಳಿದದ್ದು ಹೇಗೆಂದರೆ, ಹಂಚಿಕೊಳ್ಳಲು ದೇಯಿಗೆ ಬೇರೆ ಯಾರೂ ಇರಲಿಲ್ಲ.

ದೇಯಿ ವಿಧವೆ, ಮಕ್ಕಳಿಲ್ಲ. ಉಳ್ಳಾಲದ ತಾಯಿಮನೆಯಲ್ಲಿ ಅಣ್ಣ ದುಗ್ಗಪ್ಪನೊಂದಿಗೆ ವಾಸ. ಬೆಳಗಾದರೆ ಬಸ್ಸು ಹಿಡಿದು ಹೊಳೆ ದಾಟಿ ಆಸ್ಪತ್ರೆಗೆ ಬರುವಳು. ಆ ಆಸ್ಪತ್ರೆ ಬರಿಯ ಔಷಧದ ಮನೆಯಾಗಿರಲಿಲ್ಲ. ಹಿಂಬದಿಯ ಶೆಡ್ಡಿನಲ್ಲಿ ತಾಯಂದಿರಿಗೆಂದು ಒಲೆ ಉರಿಯುತ್ತಿತ್ತು. ಬಂದರಿನ ಅಕ್ಕಿ ಮಂಡಿಯವರು ಕಳಿಸುವ ಕುಚ್ಚಲಕ್ಕಿಯ ಗಂಜಿ ಯಾವ ಜಾತಿಯವರಿಗೂ ಇಲ್ಲವೆನ್ನದೆ ಸಿಗುತ್ತಿತ್ತು. ಅಕ್ಷರ ಬಾರದವರ ಪರವಾಗಿ ಊರಿಗೆ ಕಾಗದ ಬರೆಯುವವರು ಜಲಜಾಕ್ಷಿ. ತಾಯಿ ಮೀಯಲು ಹೋದಾಗ ಅಳುವ ಮಗುವನ್ನು ಸೊಂಟಕ್ಕೇರಿಸಿಕೊಳ್ಳುವವಳು ದೇಯಿ.

ಆ ವಾರ್ಡಿಗೆ ತನ್ನದೇ ಒಂದು ಕಟ್ಟಳೆ ಇತ್ತು. ಹೊರಗಿನ ಲೋಕದಲ್ಲಿ ಹೊರಟವರಿಗೆ ‘ಹೋಗು’ ಎಂದಷ್ಟೇ ಹೇಳುವುದು ಅಶುಭ. ‘ಹೋಗಿ ಬಾ’ ಎನ್ನಬೇಕು. ವಾರ್ಡಿನಲ್ಲಿ ಅದು ತಿರುಗುಮುರುಗು. ಗುಣವಾಗಿ ಮನೆಗೆ ಹೊರಟ ಮಗುವಿಗೆ ಅಲ್ಲಿ ಯಾರೂ ‘ಬಾ’ ಎನ್ನುತ್ತಿರಲಿಲ್ಲ. “ಹೋಗು ಮಗಾ, ಈ ಬಾಗಿಲು ಮರೆತುಬಿಡು” ಎಂದು ಕೆನ್ನೆ ಚಿವುಟಿ ಕಳಿಸುವುದು ರೂಢಿ. ಹೊಸ ಆಯಾಗಳಿಗೆ ಇದನ್ನು ಕಲಿಸುತ್ತಿದ್ದವಳೂ ದೇಯಿಯೇ.

೧೯೭೮ರ ಆರಂಭದಲ್ಲಿ ಹನ್ನೊಂದನೆಯ ಮಂಚಕ್ಕೆ ಅಪ್ಪಿ ಎಂಬ ಆರು ವರ್ಷದ ಹುಡುಗಿ ಬಂದಳು. ತಾಯಿ ಇರಲಿಲ್ಲ. ತಂದೆ ಕೊಟ್ಟಾರದ ಹೆದ್ದಾರಿ ಕೆಲಸಕ್ಕೆ ಘಟ್ಟದಾಚೆಯಿಂದ ಬಂದು ಟಾರ್ಪಾಲಿನಡಿ ಮಲಗುವ ಕೂಲಿ. ಅಪ್ಪಿಗೆ ಮೂತ್ರಪಿಂಡದ ಕಾಯಿಲೆ. ಮುಖ, ಕಾಲು ಊದಿಕೊಂಡಿದ್ದವು. ಡಾಕ್ಟರ್ ತಾರಾನಾಥರು ಉಪ್ಪು ಕೊಡಲೇಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು.

“ದೇಯಿಯಕ್ಕ, ಒಂದು ಕಲ್ಲು ಉಪ್ಪು ಕೊಡಿ. ನಾಲಿಗೆಗೆ ತಾಗಿಸಿ ವಾಪಸ್ ಕೊಡ್ತೇನೆ.”

“ವಾಪಸ್ ಕೊಡ್ಲಿಕ್ಕೆ ಅದೆಂತ ಬಳೆಯಾ? ಗುಣ ಆಗ್ಲಿ, ಒಂದು ಭರಣಿ ಕೊಡ್ತೇನೆ.”

ಎರಡು ತಿಂಗಳು ಅವಳ ತಲೆ ಬಾಚಿದ್ದು, ಮೈ ಒರೆಸಿದ್ದು, ಸಪ್ಪೆ ಗಂಜಿಯನ್ನು ಕತೆ ಹೇಳಿ ಉಣಿಸಿದ್ದು ದೇಯಿ. ಸುಗ್ಗಿ ತಿಂಗಳ ಒಂದು ಮಧ್ಯಾಹ್ನ ಅಪ್ಪಿ ತೀರಿಕೊಂಡಳು. ತಂದೆ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಅವಳನ್ನು ಸುತ್ತಿ ಎತ್ತಿಕೊಂಡ. ದೇಯಿ ಬಾಗಿಲು ಹಿಡಿದು ನಿಂತಿದ್ದಳು. ಬಟ್ಟೆಯಿಂದ ಹೊರಗೆ ಜಾರಿದ ಪುಟ್ಟ ಪಾದವನ್ನು ಒಳಗೆ ಸೇರಿಸುತ್ತಾ, ಮನೆಯಲ್ಲಿ ಶಾಲೆಗೆ ಹೊರಟ ಮಗುವಿಗೆ ಹೇಳುವ ಹಾಗೆ, ಅವಳು ಹೇಳಿಬಿಟ್ಟಳು: “ಹೋಗಿ ಬಾ ಮಗಾ.”

ಕೇಳಿಸಿಕೊಂಡವರು ಜಲಜಾಕ್ಷಿ ಒಬ್ಬರೇ. ಅವರು ಔಷಧದ ಟ್ರೇಯನ್ನು ಕೆಳಗಿಟ್ಟು ದೇಯಿಯ ಮುಖ ನೋಡಿದರು. ದೇಯಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆಡಿದ ಮಾತನ್ನು ಮತ್ತೆ ನುಂಗಲು ಬರುತ್ತದೆಯೇ?

ಮೂರನೆಯ ದಿನದಿಂದ ಹನ್ನೊಂದನೆಯ ಮಂಚದ ಗಂಜಿ ಸಪ್ಪೆಯಾಯಿತು. ಒಂದೇ ಹಂಡೆಯ ಗಂಜಿ, ಒಂದೇ ಸೌಟು. ಹತ್ತನೆಯ ಮಂಚದಲ್ಲಿ ಉಪ್ಪು ಸರಿ, ಹನ್ನೆರಡನೆಯದರಲ್ಲಿ ಸರಿ, ನಡುವಿನದರಲ್ಲಿ ಇಲ್ಲ. ಮೇಲಿನಿಂದ ಹಾಕಿ ಕಲಸಿದರೂ ಬಾಯಿಗಿಡುವಷ್ಟರಲ್ಲಿ ಬರಿಯ ನೀರು. ಆ ಮಂಚದಲ್ಲಿ ಮಲಗಿದ ಮಕ್ಕಳು ಊಟಕ್ಕೆ ಹಟ ಮಾಡುತ್ತಿದ್ದರು; ಅಷ್ಟು ಬಿಟ್ಟರೆ ಕೆಡುಕೇನೂ ಆಗುತ್ತಿರಲಿಲ್ಲ. ಇದು ಯಾಕೆಂದು ದೇಯಿ ಆಗ ಯಾರಿಗೂ ಹೇಳಲಿಲ್ಲ. ಅಪ್ಪಿಯ ತಂದೆಯ ಸುಳಿವು ತಿಳಿಯಲು ಹೆದ್ದಾರಿಯ ಬದಿಗೆ ಹೋಗಿ ನೋಡಿದಳು. ಟಾರ್ಪಾಲು ಕಟ್ಟಿದ ಗೂಟಗಳಷ್ಟೇ ಉಳಿದಿದ್ದವು. ಕೆಲಸದವರು ಯಾವ ಕಡೆ ಹೋದರೆಂದು ಯಾರಿಗೂ ತಿಳಿಯದು.

ಆಟಿ ತಿಂಗಳಿಗೆ ಆ ಮಂಚಕ್ಕೆ ಆಶಾಲತಾ ಬಂದಳು. ನಾಲ್ಕು ವರ್ಷ. ಕ್ಷಯ ಮಿದುಳಿನ ಪೊರೆಗೇರಿ ಪ್ರಜ್ಞೆಯಿಲ್ಲದೆ ಬಂದವಳು. ದಿನಕ್ಕೊಂದರಂತೆ ಅರವತ್ತು ಇಂಜೆಕ್ಷನ್ ಎಂದಿದ್ದರು ತಾರಾನಾಥರು. ಇಪ್ಪತ್ತಾಗುವಷ್ಟರಲ್ಲಿ ಕಣ್ಣು ಬಿಟ್ಟಳು. ಮೂವತ್ತಕ್ಕೆ ತಾಯಿ ಗುಣವತಿಯನ್ನು ಹೆಸರು ಹಿಡಿದು ಕೂಗಿ ಬೈಸಿಕೊಂಡಳು. ಶೆಡ್ಡಿನಲ್ಲಿ ಪಕ್ಕದ ಮಂಚದ ತಾಯಿ ಸಫಿಯಾ, “ಬೈಬೇಡ ಮಾರಾಯ್ತಿ, ನಿನ್ನ ಹೆಸರು ನೆನಪುಂಟಲ್ಲ, ಅಷ್ಟು ಸಾಕು. ನನ್ನ ಗಂಡನಿಗೆ ಜ್ವರ ಇಲ್ಲದಿದ್ರೂ ನೆನಪಿರುವುದಿಲ್ಲ” ಎಂದು ಎಲ್ಲರನ್ನೂ ನಗಿಸಿದಳು.

ಮರುದಿನ ಮಧ್ಯಾಹ್ನ, ವಾರ್ಡು ನಿದ್ರೆಯಲ್ಲಿದ್ದಾಗ, ಆಶಾ ಮಂಚದ ಒಂದು ಅಂಚಿಗೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಬಿದ್ದುಬಿಡ್ತಿ, ಈಚೆ ಬಾ” ಎಂದಳು ಗುಣವತಿ.

“ಅಕ್ಕನಿಗೆ ಜಾಗ ಬೇಕಲ್ವಾ?”

“ಯಾವ ಅಕ್ಕ?”

“ಮುಖ ದಪ್ಪ ಇರುವ ಅಕ್ಕ. ಅವಳಿಗೆ ಮನೆ ಇಲ್ಲ ಅಮ್ಮ. ನಾವು ಹೋಗುವಾಗ ನಮ್ಮ ಜೊತೆಗೆ ಬರ್ತಾಳಂತೆ.”

ನೆಲ ಒರೆಸುತ್ತಿದ್ದ ದೇಯಿಯ ಕೈ ನಿಂತಿತು. ಮಂಚದ ಹಾಸಿನ ಮೇಲೆ, ಆಶಾ ಬಿಟ್ಟುಕೊಟ್ಟ ಜಾಗದಲ್ಲಿ, ಒಂದು ಸಣ್ಣ ಮೈ ಒತ್ತಿದಷ್ಟು ತಗ್ಗು ಬಿದ್ದಿತ್ತು.

ಸಂಜೆಗೆ ಗುಣವತಿ ಗಂಟುಮೂಟೆ ಕಟ್ಟಿದಳು. ಬೇರೆ ಮಂಚ ಕೊಡುತ್ತೇವೆಂದು ತಾರಾನಾಥರು ಮಗುವನ್ನು ಮೂರನೆಯ ಮಂಚಕ್ಕೆ ಎತ್ತಿಸಿದರು. ಆಶಾ ಅಲ್ಲಿಯೂ ಅಂಚಿಗೆ ಸರಿದು ಮಲಗಿದಳು.

“ನಾಳೆ ಬೆಳಿಗ್ಗೆ ಹೋಗ್ತೇವೆ ಡಾಕ್ಟ್ರೇ. ಅದು ಬಲವಾಗಿ ಹಿಡಿಯುವ ಮುಂಚೆ ಹೋಗ್ಬೇಕು.”

“ಅರ್ಧದಲ್ಲಿ ನಿಲ್ಲಿಸಿದರೆ ಮಗು ತಿಂಗಳು ಬದುಕ್ಲಿಕ್ಕಿಲ್ಲ, ಗುಣವತಿಯವರೇ. ಇನ್ನು ಇಪ್ಪತ್ತೊಂಬತ್ತು ದಿನ.”

“ಇಲ್ಲಿದ್ರೆ ಅದು ಬಿಡ್ತದಾ? ನೀವು ಬರೆದು ಕೊಡ್ತೀರಾ?”

ತಾರಾನಾಥರು ಎಷ್ಟೋ ಮಂದಿಗೆ ಎಷ್ಟೋ ಬರೆದುಕೊಟ್ಟವರು. ಇದಕ್ಕೆ ಅವರಲ್ಲಿ ಕಾಗದವಿರಲಿಲ್ಲ. ಕೋಣೆಯಿಂದ ಹೊರಬಂದವರ ಮುಂದೆ ದೇಯಿ ನಿಂತಿದ್ದಳು. ಅಪ್ಪಿಗೆ ಆಡಿದ ಮಾತನ್ನು, ಉಪ್ಪಿನ ವಿಷಯವನ್ನು, ಎಲ್ಲವನ್ನೂ ಹೇಳಿದಳು. “ಕರೆದದ್ದು ನಾನು ಡಾಕ್ಟ್ರೇ. ಅದಕ್ಕೆ ಬೇರೆ ಮನೆ ಇಲ್ಲ, ಹಾಗಾಗಿ ಇಲ್ಲಿಗೇ ಬಂತು.”

ಅವರು ನಗಲಿಲ್ಲ, ಬೈಯಲೂ ಇಲ್ಲ. “ನನಗೆ ಗೊತ್ತಿರುವುದು ಇಂಜೆಕ್ಷನ್ ಮಾತ್ರ, ದೇಯಿ. ನಿಮಗೆ ಗೊತ್ತಿರುವುದನ್ನು ನೀವು ಮಾಡಿ. ನಾಳೆ ಒಂದು ದಿನ ಆ ತಾಯಿಯನ್ನು ಹೇಗಾದರೂ ನಿಲ್ಲಿಸ್ತೇನೆ” ಎಂದರು.

ತುಳುವರಲ್ಲಿ ಸತ್ತವರನ್ನು ‘ಒಳಗೆ ಕರೆಯುವ’ ಒಂದು ಕ್ರಮವಿದೆ. ಮನೆಯವರು ಮುಸ್ಸಂಜೆ ಹೊಸ್ತಿಲಲ್ಲಿ ದೀಪ ಹಿಡಿದು, ಹೆಸರು ಹೇಳಿ ಮೂರು ಸಲ ಕರೆದು, ಒಳಗೆ ಎಲೆ ಬಡಿಸಿ ಬಾಗಿಲು ಮುಚ್ಚುತ್ತಾರೆ. ಆ ಮೇಲೆ ಸತ್ತವರು ಮನೆಯ ಹಿರಿಯರ ಸಾಲಿಗೆ ಸೇರಿದರೆಂದು ಲೆಕ್ಕ, ಅಲೆಯುವುದಿಲ್ಲ. ಕರೆಯಬೇಕಾದವರು ರಕ್ತದವರು. ಪರರ ಮಗುವನ್ನು ಕರೆದ ಕತೆಯನ್ನು ಉಳ್ಳಾಲದಲ್ಲಿ ಅದುವರೆಗೆ ಯಾರೂ ಕೇಳಿದವರಿಲ್ಲ.

ಆಸ್ಪತ್ರೆಯ ಆ ಮಗುವನ್ನು ತಮ್ಮ ಮನೆಗೆ ಕರೆಯುತ್ತೇನೆಂದು ಆ ರಾತ್ರಿ ದೇಯಿ ಹೇಳಿದಾಗ ದುಗ್ಗಪ್ಪ ಕಿಡಿಯಾದ. “ನಿನಗೆ ತಲೆ ಸರಿ ಉಂಟಾ? ಊರಿನ ಮಂದಿ ತಮ್ಮ ಮನೆಯ ಕುಲೆಯನ್ನು ಸಾಕ್ಲಿಕ್ಕೆ ಆಗದೆ ಒದ್ದಾಡ್ತಾರೆ, ನೀನು ಯಾರದ್ದೋ ಪ್ರೇತವನ್ನು ಸೊಂಟದಲ್ಲಿಟ್ಟು ತರ್ತೀಯಾ? ಒಮ್ಮೆ ಕರೆದರೆ ಹೊರಗೆ ಹಾಕ್ಲಿಕ್ಕೆ ಉಂಟಾ? ನೀನು ಸತ್ತರೂ ಅದು ಇಲ್ಲೇ.”

“ಗೊತ್ತುಂಟು ಅಣ್ಣ.”

“ಮತ್ತೆ?”

“ಅಲ್ಲಿ ಉಸಿರಾಡುವ ಮಗು ಒಂದುಂಟು. ನನ್ನ ಒಂದು ಮಾತಿಗೆ ಅದು ಸಾಯಬೇಕಾ?”

ದುಗ್ಗಪ್ಪ, “ಎಂತ ಹೆಸರು ಅದರದ್ದು?” ಎಂದು ಕೇಳಿದ. ಆ ಪ್ರಶ್ನೆಯೇ ಒಪ್ಪಿಗೆ.

ಮರುದಿನ ಮಧ್ಯಾಹ್ನ ದೇಯಿ ಮೂರನೆಯ ಮಂಚದ ಬಳಿ ಬಂದಳು. ಆಶಾ ಎಂದಿನಂತೆ ಅಂಚಿನಲ್ಲಿದ್ದಳು. ಗುಣವತಿ ಗೋಡೆಗೆ ಒರಗಿ ಗಂಟನ್ನು ತಬ್ಬಿ ಹಿಡಿದಿದ್ದಳು. ದೇಯಿ ಖಾಲಿ ಜಾಗದತ್ತ ಕೈ ಚಾಚಿದಳು. “ಅಪ್ಪೀ, ಬಾ ಮಗಾ. ಮನೆಗೆ ಹೋಗುವ.”

ಅಂಗೈಯಲ್ಲಿ ಏನೋ ತಣ್ಣಗೆ ಸೇರಿತು, ಆಗತಾನೇ ನೀರಿನಿಂದ ತೆಗೆದ ಕೈಯ ಹಾಗೆ. ಬಾಗಿಲು ದಾಟುವಾಗ ದೇಯಿ ಹಿಂದಿರುಗಿ ನೋಡಲಿಲ್ಲ. ಆರು ವರ್ಷದ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ನಡೆದಳು.

ಹಂಪನಕಟ್ಟೆಯಲ್ಲಿ ಉಳ್ಳಾಲದ ಬಸ್ಸು ಹತ್ತಿ, ಕಿಟಕಿಯ ಬದಿಯ ಜಾಗವನ್ನು ಬಿಟ್ಟು ಕುಳಿತಳು. ಕಂಡಕ್ಟರ್ ಝಕರಿಯಾ ಅವಳನ್ನು ದಿನವೂ ಕಾಣುವವನು.

“ಒಂದು ಫುಲ್, ಒಂದು ಹಾಫ್” ಎಂದಳು.

“ಹಾಫ್ ಯಾರಿಗೆ ದೇಯಿಯಕ್ಕ? ಮಗು ಎಲ್ಲುಂಟು?”

“ಉಂಟು. ನೀನು ಕೊಡು.”

ಝಕರಿಯಾ ಖಾಲಿ ಸೀಟನ್ನು ನೋಡಿದ. ಯಾವುದನ್ನೋ ಹಿಡಿದಂತೆ ಮಡಿಚಿದ ಅವಳ ಬೆರಳುಗಳನ್ನು ನೋಡಿದ. ಎರಡು ಟಿಕೆಟ್ ಹರಿದುಕೊಟ್ಟ. ಬಸ್ಸು ತುಂಬಿದರೂ ಆ ಜಾಗದಲ್ಲಿ ಯಾರೂ ಕೂರದಂತೆ ತಾನೇ ಅಡ್ಡ ನಿಂತ. ನೇತ್ರಾವತಿಯ ಸೇತುವೆಯ ಮೇಲೆ ಬಸ್ಸು ನಡುಗುವಾಗ ದೇಯಿಯ ತೋಳಿಗೆ ಒಂದು ತಲೆಯಷ್ಟು ಭಾರ ಒರಗಿತು. ಹೊಳೆ ದಾಟುವವರೆಗೂ ಅವಳು ಮಿಸುಕಲಿಲ್ಲ.

ಮುಸ್ಸಂಜೆಗೆ ದುಗ್ಗಪ್ಪ ದೀಪ ಹಿಡಿದ. ಕರೆದವಳು ದೇಯಿ: “ಅಪ್ಪೀ, ಒಳಗೆ ಬಾ. ಇದು ನಿನ್ನ ಮನೆ.” ಮೂರು ಸಲ. ಮೂರನೆಯ ಸಲಕ್ಕೆ ಕೈಯ ತಂಪು ಕಳಚಿಕೊಂಡಿತು. ಬಾಗಿಲು ಮುಚ್ಚಿ ಅಣ್ಣ ತಂಗಿ ಅಂಗಳದಲ್ಲಿ ನಿಂತರು. ತೆರೆದು ನೋಡಿದಾಗ ಎಲೆಯ ಮೇಲೆ ಅನ್ನ ಹಾಗೆಯೇ ಇತ್ತು, ಪಲ್ಯ ಹಾಗೆಯೇ ಇತ್ತು. ತುದಿಯಲ್ಲಿ ಬಡಿಸಿದ ಉಪ್ಪಿನ ಜಾಗ ಮಾತ್ರ ನೆಕ್ಕಿದಂತೆ ಬರಿದಾಗಿತ್ತು. ಅನ್ನವೂ ಕಡಿಮೆಯಾಗಿತ್ತೆಂದು ಉಳ್ಳಾಲದ ಕಡೆ ಹೇಳುವವರಿದ್ದಾರೆ. ಜಲಜಾಕ್ಷಿಯವರು ಹೇಳಿದ್ದು ಉಪ್ಪು ಮಾತ್ರ.

ಮರುದಿನ ಬೆಳಿಗ್ಗೆ ದೇಯಿ ನೇರ ಮೂರನೆಯ ಮಂಚದ ಬಳಿ ಹೋದಳು. ಆಶಾ ಮಂಚದ ನಟ್ಟನಡುವೆ ಕೈಕಾಲು ಚಾಚಿ ಮಲಗಿದ್ದಳು. ಗಂಜಿಯ ಮೊದಲ ತುತ್ತಿಗೆ ಮುಖ ಕಿವುಚಿ, “ಥೂ, ಉಪ್ಪು ಜಾಸ್ತಿ!” ಎಂದಳು. ಗುಣವತಿ ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗಕ್ಕೆ ಹಾಕಿದಳು. ಅರವತ್ತನೆಯ ಇಂಜೆಕ್ಷನ್ ಆದ ಮೇಲೆಯೇ ಅವರು ಊರಿಗೆ ಹೋದದ್ದು.

“ಅಲ್ಲಿಗೆ ಆಯ್ತಲ್ಲ” ಎಂದರು ಜಗಲಿಯಲ್ಲಿ ಯಾರೋ.

“ಎಲ್ಲಿ ಆಯ್ತು?” ಎಂದರು ಜಲಜಾಕ್ಷಿ. “ಸತ್ತ ಮಕ್ಕಳೂ ಬೆಳೆಯುತ್ತಾರೆ. ದೇಯಿ ಪ್ರತಿ ಆಟಿಗೆ ಎಲೆಯ ಪಕ್ಕ ಒಂದು ಫ್ರಾಕ್ ಇಡ್ತಾಳೆ, ಹೋದ ವರ್ಷದ್ದಕ್ಕಿಂತ ಎರಡು ಬೆರಳು ಉದ್ದದ್ದು. ಅಳತೆ ತಪ್ಪಿದರೆ ಬೆಳಗಾಗುವಾಗ ನೆಲದ ಮೇಲೆ ಬಿದ್ದಿರ್ತದೆ. ಈ ವರ್ಷ ಲಂಗ ಇಟ್ಟಿದ್ದಾಳೆ. ಅಪ್ಪಿಗೆ ಹದಿಮೂರು. ಇನ್ನು ಐದಾರು ವರ್ಷಕ್ಕೆ ಮದುವೆ ಮಾಡ್ಬೇಕು. ಮಾಡದಿದ್ದರೆ ಸುಮ್ಮನಿರ್ತಾಳಾ? ಗಂಡು ಎಲ್ಲಿಂದ ತರುವುದು? ಸತ್ತ ಹುಡುಗನೇ ಆಗ್ಬೇಕಲ್ಲ. ದೇಯಿ ಈಗ ವಾರ್ಡಿನಲ್ಲಿ ಮಗ ಹೋದ ತಾಯಂದಿರ ಹತ್ತಿರ ಕೂತು ಸಮಾಧಾನ ಹೇಳ್ತಾಳೆ. ಎದ್ದು ಬರುವಾಗ ಹುಡುಗನ ವಯಸ್ಸು ಕೇಳಿಕೊಂಡು ಬರ್ತಾಳೆ.”

ಕಂಬಕ್ಕೆ ಒರಗಿ ಕುಳಿತಿದ್ದ ಸಂಕಪ್ಪ ಗಂಟಲು ಸರಿಮಾಡಿಕೊಂಡ. ಹನ್ನೊಂದು ವರ್ಷದ ಹಿಂದೆ ಅವನ ಮಗ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಗ ಹುಡುಗನಿಗೆ ಐದು ವರ್ಷ.

“ದೇಯಿಯವರದ್ದು ಯಾವ ಬರಿ?” ಎಂದು ಕೇಳಿದ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಬಳಿ, ಗೋತ್ರದ ಹಾಗೆ; ಅದು ಒಂದೇ ಆದರೆ ಮದುವೆಯ ಸಂಬಂಧ ಕೂಡುವುದಿಲ್ಲ.

ಜಲಜಾಕ್ಷಿ ಹೇಳಿದರು.

“ನಮ್ಮದು ಬೇರೆ” ಎಂದ ಸಂಕಪ್ಪ, ಕೇಳಿಯೂ ಕೇಳಿಸದಷ್ಟು ಮೆಲ್ಲಗೆ.

ಆ ಮೇಲೆ ಒಬ್ಬೊಬ್ಬರಾಗಿ ಎದ್ದರು. ಕತ್ತಲಲ್ಲಿ ಕಾಲಿನಿಂದ ತಡಕಿ ಚಪ್ಪಲಿ ಹುಡುಕಿ, ಮಳೆ ನಿಂತಿದ್ದರೂ ಕೊಡೆ ಬಿಡಿಸಿಕೊಂಡು, ತಂತಮ್ಮ ಮನೆಗಳಿಗೆ ಹೋದರು. ಸಂಕಪ್ಪ ಎಲ್ಲರಿಗಿಂತ ಕೊನೆಗೆ ಎದ್ದ; ಹೆದ್ದಾರಿ ದಾಟುವವರೆಗೂ ಕೈಯಲ್ಲಿ ಬೆರಳು ಮಡಚಿ ಏನನ್ನೋ ಎಣಿಸುತ್ತಾ ಹೋದನಂತೆ.